ಕೂರಲಾಗದ 14 ತಿಂಗಳು

ನಮ್ಮ ಪ್ರೌಢಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಕಿಟಕಿಯ ಕಟ್ಟೆ ಸೊಂಟದ ಎತ್ತರಕ್ಕಿದೆ. ಅದರ ಮೇಲೆ ಉತ್ತರ ಪತ್ರಿಕೆಗಳ ಕಟ್ಟು ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ನಿಂತೇ ತಿದ್ದುವುದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಮಾಡಿದೆ. ಸಹೋದ್ಯೋಗಿಗಳು ಕೇಳಿದಾಗ ಬೆನ್ನುನೋವು ಎಂದೆ. ಬೆನ್ನುನೋವು ಮರ್ಯಾದಸ್ಥ ಕಾಯಿಲೆ. ಅದನ್ನು ಹೇಳಿಕೊಂಡರೆ ಕುರ್ಚಿ ತಂದುಕೊಡುತ್ತಾರೆ, ಎಣ್ಣೆಯ ಹೆಸರು ಹೇಳುತ್ತಾರೆ. ನನಗೆ ಬೇಡವಾಗಿದ್ದದ್ದು ಆ ಕುರ್ಚಿಯೇ.

ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವನಿಗೆ ತನ್ನ ಕಾಯಿಲೆಯನ್ನು ಹೇಳಲು ಪದವಿರಲಿಲ್ಲ. ವೈದ್ಯರ ಮುಂದೆ ಕೂತಾಗ, ಅಂದರೆ ಅರ್ಧ ಕೂತಾಗ, “ಹಿಂದುಗಡೆ”, “ಕೂರುವ ಜಾಗದಲ್ಲಿ”, “ಅಲ್ಲಿ” ಎಂದೆಲ್ಲ ತಡವರಿಸಿದೆ. ಗುದದ್ವಾರ ಎಂಬ ಪದ ಪುಸ್ತಕದಲ್ಲಿದೆ, ನಾಲಿಗೆಗೆ ಬರುವುದಿಲ್ಲ. ನಾಲಿಗೆಗೆ ಬರುವ ಪದಗಳನ್ನು ವೈದ್ಯರ ಮುಂದೆ ಆಡುವಂತಿಲ್ಲ. ಈ ನಡುವಿನ ಮೌನದಲ್ಲೇ ನನ್ನ ಒಂದು ವರ್ಷ ಕಳೆದುಹೋಯಿತು.

ಶುರುವಾದದ್ದು ಮೇ ತಿಂಗಳಲ್ಲಿ, ಸಾಗರದ ಕಡೆ ಒಂದು ಮದುವೆಯ ಮನೆಯಲ್ಲಿ. ಪಂಕ್ತಿಯಲ್ಲಿ ಕೂತು ಊಟ ಮಾಡಲಾಗಲಿಲ್ಲ. ಮರುದಿನ ಜ್ವರ, ಗುದದ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು, ಕೆಂಡ ಇಟ್ಟಂಥ ಉರಿ. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕುರುವನ್ನು ಕೊಯ್ದು ಕೀವು ತೆಗೆದರು. ಒಂದು ಗಂಟೆಯೊಳಗೆ ಸಿಕ್ಕ ಆ ನೆಮ್ಮದಿಯನ್ನು ವರ್ಣಿಸಲಾರೆ. ಎರಡು ವಾರದಲ್ಲಿ ಗಾಯ ಮಾಯಿತು. ಮುಗಿಯಿತು ಎಂದುಕೊಂಡೆ.

ಅಲ್ಲಿ ಬರುವ ಇಂಥ ಕುರುಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು, ಮಾಯ್ದ ಮೇಲೂ ಒಳಗೊಂದು ಸುರಂಗವನ್ನು ಉಳಿಸಿ ಹೋಗುತ್ತವೆ ಎಂದು ಅಂದು ಯಾರೂ ಹೇಳಲಿಲ್ಲ. ಒಂದೂವರೆ ತಿಂಗಳ ನಂತರ ಅದೇ ಜಾಗದಲ್ಲಿ ಒಂದು ಮೊಡವೆ. ಒಡೆಯುತ್ತದೆ, ಒಳಚಡ್ಡಿಯ ಮೇಲೆ ರೂಪಾಯಿಯಗಲ ಕಲೆ. ಒಣಗುತ್ತದೆ, ನಾಲ್ಕು ದಿನ ಸುಖ. ಮತ್ತೆ ಊದುತ್ತದೆ, ಮತ್ತೆ ಒಡೆಯುತ್ತದೆ. ಮೂಲವ್ಯಾಧಿ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಮೆಡಿಕಲ್ ಶಾಪಿನ ಹುಡುಗನಿಗೆ ಚೀಟಿಯಲ್ಲಿ ಬರೆದುಕೊಟ್ಟು ಮುಲಾಮು ತಂದೆ. ಯಾರೋ ಹೇಳಿದರೆಂದು ಮೂರು ತಿಂಗಳು ಸುವರ್ಣಗೆಡ್ಡೆ ತಿಂದೆ. ಕಾಯಿಲೆ ಹೋಗಲಿಲ್ಲ, ಸುವರ್ಣಗೆಡ್ಡೆಯ ಮೇಲಿದ್ದ ಪ್ರೀತಿ ಹೋಯಿತು.

ನಮ್ಮ ಊರಿನ ವಿದ್ಯುತ್ ಕಂಬಗಳ ಮೇಲೆ, ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಯ ಮೇಲೆ ಅಂಟಿಸಿರುವ ಚೀಟಿಗಳನ್ನು ನೀವೂ ನೋಡಿರುತ್ತೀರಿ: “ಪೈಲ್ಸ್, ಫಿಷರ್, ಫಿಸ್ಟುಲಾ, ಆಪರೇಷನ್ ಇಲ್ಲದೆ ಗುಣ”. ಮೂವರು ಅಣ್ಣತಮ್ಮಂದಿರಂತೆ ಒಂದೇ ಸಾಲಿನಲ್ಲಿ. ಆದರೆ ಪೈಲ್ಸ್ ಎಂದರೆ ಒಳಗಿನ ರಕ್ತನಾಳಗಳ ಮೆತ್ತೆ ಊದಿಕೊಳ್ಳುವುದು. ಫಿಷರ್ ಎಂದರೆ ಚರ್ಮ ಸೀಳುವುದು. ಫಿಸ್ಟುಲಾ ಎಂದರೆ ಒಳಗಿನಿಂದ ಹೊರಗೆ ಕೊರೆದುಕೊಂಡ ಕಳ್ಳದಾರಿ, ನಮ್ಮ ಹಳೆಯ ಮಾತಿನಲ್ಲಿ ಭಗಂದರ. ಮೊದಲೆರಡಕ್ಕೆ ಔಷಧ, ಆಹಾರ, ಬಿಸಿನೀರು ಬಹಳಷ್ಟು ಸಲ ಸಾಕಾಗುತ್ತದೆ. ಮೂರನೆಯದು ಮುಲಾಮಿಗೆ ಬಗ್ಗುವುದಿಲ್ಲ. ಬಾಯಿ ಮುಚ್ಚಿದರೆ ಒಳಗೆ ಕೀವು ತುಂಬಿ ಮತ್ತೊಂದು ಬಾಯಿ ತೆರೆಯುತ್ತದೆ, ಅಷ್ಟೇ.

ಕೊನೆಗೆ ಹೆಂಡತಿಯ ಕಣ್ಣಿಗೆ ಬಿದ್ದೆ. ಬಟ್ಟೆ ಒಗೆಯುವವಳಿಗೆ ಎಷ್ಟು ದಿನ ಮುಚ್ಚಿಡಲು ಸಾಧ್ಯ? “ನೀವು ತೋರಿಸಿಕೊಳ್ಳದಿದ್ದರೆ ನಾನೇ ಹೋಗಿ ಡಾಕ್ಟರಿಗೆ ಹೇಳುತ್ತೇನೆ” ಎಂದಳು. ಆ ಬೆದರಿಕೆ ಕೆಲಸ ಮಾಡಿತು.

ಗುದರೋಗಗಳಲ್ಲೇ ಪಳಗಿದ ಸರ್ಜನ್ ಒಬ್ಬರು ಸಿಕ್ಕರು. ಬೆರಳಿಟ್ಟು ಪರೀಕ್ಷಿಸಿದರು, ಎಂಆರ್‌ಐ ಬರೆದರು. ವರದಿ ತಂದ ದಿನ ಆ ದೊಡ್ಡ ಲಕೋಟೆಯ ಬೆನ್ನಿನ ಮೇಲೆಯೇ ಪೆನ್ನಿನಿಂದ ಎರಡು ಉಂಗುರ ಬರೆದರು, ಒಂದರೊಳಗೊಂದು.

“ಮೇಷ್ಟ್ರೇ, ಉದ್ದಿನ ವಡೆ ಎಂದುಕೊಳ್ಳಿ. ನಡುವಿನ ತೂತು ದಾರಿ. ಸುತ್ತ ಎರಡು ಸ್ನಾಯುಗಳ ಬಳೆ. ಒಳಗಿನದು ನಿಮ್ಮ ಮಾತು ಕೇಳುವುದಿಲ್ಲ, ತಾನಾಗಿಯೇ ಬಿಗಿಯಾಗಿರುತ್ತದೆ. ಹೊರಗಿನದು ನಿಮ್ಮ ಮಾತು ಕೇಳುತ್ತದೆ. ಬಸ್ಸಿನಲ್ಲಿ ಹೊಟ್ಟೆ ಕೆಟ್ಟಾಗ ಕಾಪಾಡುವುದು ಅದು.”

ಗುದನಾಳದ ಒಳಗೆ ಸುಮಾರು ಎರಡು ಸೆಂಟಿಮೀಟರ್ ಮೇಲೆ ಕೆಲವು ಪುಟ್ಟ ಗ್ರಂಥಿಗಳಿವೆಯಂತೆ. ಬೇರುಗಳಂತೆ ಈ ಎರಡು ಬಳೆಗಳ ನಡುವಿನ ಸಂದಿಗೆ ಇಳಿದಿರುತ್ತವೆ. ಅವುಗಳಲ್ಲಿ ಒಂದರ ಬಾಯಿ ಕಟ್ಟಿ, ಕೀವಾಗಿ, ಆ ಕೀವು ಸುಲಭದ ದಾರಿ ಹುಡುಕಿಕೊಂಡು ಚರ್ಮಕ್ಕೆ ಬರುತ್ತದೆ. ಹೆಚ್ಚಿನ ಫಿಸ್ಟುಲಾಗಳ ಹುಟ್ಟು ಇಷ್ಟೇ. ಯಾವ ದಾರಿ ಹಿಡಿಯಿತು ಎಂಬುದರ ಮೇಲೆ ಮುಂದಿನದೆಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಅಲನ್ ಪಾರ್ಕ್ಸ್ 1976ರಲ್ಲಿ ಮಾಡಿದ ವಿಂಗಡಣೆಯನ್ನೇ ಇಂದಿಗೂ ಬಳಸುತ್ತಾರೆ: ಸಂದಿಯಲ್ಲೇ ಇಳಿದು ಬರುವುದು, ಹೊರಗಿನ ಬಳೆಯನ್ನು ತೂರಿ ಬರುವುದು, ಅದರ ಮೇಲೆ ಹತ್ತಿ ಸುತ್ತಿ ಬರುವುದು, ಎರಡೂ ಬಳೆಗಳ ಆಚೆಯಿಂದಲೇ ಬರುವುದು. ನನ್ನದು ಎರಡನೆಯ ಜಾತಿ, ಅದರಲ್ಲೂ ಸ್ವಲ್ಪ ಎತ್ತರದಲ್ಲಿ ತೂರಿದ್ದು. ಹೊರಬಾಯಿ 7 ಗಂಟೆಯಲ್ಲಿ, ಒಳಬಾಯಿ 6 ಗಂಟೆಯಲ್ಲಿ. ಈ ಗಡಿಯಾರ ಯಾವುದು ಎಂದು ವಿವರಿಸಬೇಕಿಲ್ಲ ಎಂದುಕೊಳ್ಳುತ್ತೇನೆ. ಅಂಗಾತ ಮಲಗಿದವನ ಮುಂಭಾಗ 12.

ಆಮೇಲೆ ಅವರು ಒಂದು ಹಾಳೆ ತೆಗೆದು ಪ್ರಶ್ನೆ ಕೇಳಲು ತೊಡಗಿದರು. ಗಾಳಿಯನ್ನು ಬೇಕಾದಾಗ ತಡೆಯಬಲ್ಲಿರಾ? ಮಲ ತೆಳ್ಳಗಾದಾಗ? ಗಟ್ಟಿಯಾದಾಗ? ಪ್ಯಾಡ್ ಇಟ್ಟುಕೊಳ್ಳುತ್ತೀರಾ? ಇದಕ್ಕಾಗಿ ಎಲ್ಲಿಗಾದರೂ ಹೋಗುವುದನ್ನು ಬಿಟ್ಟಿದ್ದೀರಾ? ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 20. ನನಗೆ ಸಿಟ್ಟು ಬಂತು. ಕೀವು ಸೋರುತ್ತದೆ ಎಂದು ಬಂದವನನ್ನು ಹೂಸಿನ ಬಗ್ಗೆ ಕೇಳುತ್ತಿದ್ದಾರಲ್ಲ ಎನಿಸಿತು. ಬೇರೆಯವರಿಗೆ ಅಂಕ ಕೊಟ್ಟೇ ಬದುಕಿದವನಿಗೆ ತನ್ನದೇ ಇಂಥ ಪರೀಕ್ಷೆ. ಎಲ್ಲಕ್ಕೂ ಸೊನ್ನೆ ಬಂತು.

“ಸೊನ್ನೆಯೇ ಒಳ್ಳೆಯ ಅಂಕ. ನಾನು ಕಾಪಾಡಬೇಕಾದದ್ದು ಈ ಸೊನ್ನೆಯನ್ನು. ಫಿಸ್ಟುಲಾ ವಾಸಿ ಮಾಡುವುದು ಕಷ್ಟವಲ್ಲ. ಸುರಂಗದ ಮೇಲ್ಛಾವಣಿಯನ್ನೆಲ್ಲ ಸೀಳಿ ತೆರೆದುಬಿಟ್ಟರೆ ವಾಸಿಯಾಗುತ್ತದೆ. ಆದರೆ ಆ ಮೇಲ್ಛಾವಣಿ ಯಾವುದರಿಂದ ಆಗಿದೆ ಎಂಬುದೇ ಪ್ರಶ್ನೆ.”

ಈ ಒಂದು ಮಾತನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಗಳ ಮೊಬೈಲ್ ಹುಡುಕಾಟ ಉಳಿಯುತ್ತಿತ್ತು. ಯಾವ ಆಪರೇಷನ್ ಒಳ್ಳೆಯದು ಎಂದು ನಾನು ಹುಡುಕುತ್ತಿದ್ದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ನನ್ನ ಸುರಂಗದ ಮೇಲೆ ಎಷ್ಟು ಸ್ನಾಯು ಇದೆ, ಅದರಲ್ಲಿ ಎಷ್ಟನ್ನು ಕಳೆದುಕೊಳ್ಳಲು ನಾನು ಸಿದ್ಧ? ಒಂದು ತಟ್ಟೆಯಲ್ಲಿ ಕಾಯಿಲೆ ಮರುಕಳಿಸುವ ಭಯ, ಇನ್ನೊಂದು ತಟ್ಟೆಯಲ್ಲಿ ಹತೋಟಿ ತಪ್ಪುವ ಭಯ. ಈ ತಕ್ಕಡಿಯ ಹೊರಗೆ ಯಾವ ಚಿಕಿತ್ಸೆಯೂ ಇಲ್ಲ. ಕಂಬದ ಮೇಲಿನ ಚೀಟಿಗಳು ಒಂದೇ ತಟ್ಟೆಯನ್ನು ತೋರಿಸುತ್ತವೆ.

ಸೀಳಿ ತೆರೆಯುವ ಆ ಹಳೆಯ ಶಸ್ತ್ರಕ್ರಿಯೆಗೆ ಫಿಸ್ಟುಲಾಟಮಿ ಎನ್ನುತ್ತಾರೆ. ಸುರಂಗ ಕೆಳಗಿದ್ದು, ಸ್ವಲ್ಪವೇ ಸ್ನಾಯು ಸಿಕ್ಕಿಕೊಂಡಿದ್ದರೆ ಅದಕ್ಕಿಂತ ಸರಳವಾದದ್ದಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ವಾಸಿ. ಇದರ ಅತಿ ಪ್ರಸಿದ್ಧ ರೋಗಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ. 1686ರ ನವೆಂಬರ್ 18ರ ಬೆಳಿಗ್ಗೆ ವರ್ಸೇಲ್ಸ್ ಅರಮನೆಯಲ್ಲಿ ಫೆಲಿಕ್ಸ್ ಎಂಬ ಶಸ್ತ್ರವೈದ್ಯ, ಅರಿವಳಿಕೆ ಎಂಬುದೇ ಇಲ್ಲದ ಕಾಲದಲ್ಲಿ, ಇದಕ್ಕೆಂದೇ ಮಾಡಿಸಿದ ಬಾಗಿದ ಕತ್ತಿಯಿಂದ ದೊರೆಯ ಭಗಂದರವನ್ನು ಸೀಳಿದ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಆಸ್ಪತ್ರೆಯ ಬಡವರ ಮೇಲೆ ಕೈ ಪಳಗಿಸಿಕೊಂಡಿದ್ದ. ದೊರೆ ಉಳಿದ, ಫೆಲಿಕ್ಸನಿಗೆ ಹಣ, ಜಮೀನು, ಪದವಿ ಬಂತು. ಆಸ್ಥಾನಿಕರಲ್ಲಿ ಕೆಲವರಿಗೆ ಫಿಸ್ಟುಲಾ ಇರುವುದೇ ಪ್ರತಿಷ್ಠೆಯಾಯಿತಂತೆ. ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಆ ಭಾಗ್ಯ ಇನ್ನೂ ಬಂದಿಲ್ಲ. ಕೈ ಪಳಗಿಸಲು ಒದಗಿದ ಆ ಬಡವರ ಗತಿ ಏನಾಯಿತೆಂದು ಮಾತ್ರ ನನ್ನ ಮನಸ್ಸು ಮತ್ತೆ ಮತ್ತೆ ಕೇಳುತ್ತದೆ.

ನನ್ನದು ದೊರೆಯ ಫಿಸ್ಟುಲಾದಷ್ಟು ಸರಳವಾಗಿರಲಿಲ್ಲ. ಎತ್ತರದಲ್ಲಿ ತೂರಿದ ಸುರಂಗವನ್ನು ಹಾಗೆ ಸೀಳಿದರೆ ಹೊರಬಳೆಯ ದೊಡ್ಡ ಭಾಗವೇ ತುಂಡಾಗುತ್ತದೆ. ಹಾಗಾಗಿ ಸ್ನಾಯುವನ್ನು ಉಳಿಸುವ ದಾರಿಗಳತ್ತ ನೋಡಬೇಕಾಯಿತು. ಅವು ಒಂದೆರಡಲ್ಲ. ಸುರಂಗಕ್ಕೆ ಅಂಟು ತುಂಬುವುದು, ಹಂದಿಯ ಕರುಳಿನಿಂದ ಮಾಡಿದ ಬಿರಡೆ ತುರುಕುವುದು, ಪುಟ್ಟ ಕ್ಯಾಮೆರಾ ತೂರಿಸಿ ಒಳಗಿನಿಂದ ಸುಡುವುದು, ಒಳಗಿನ ಪದರದ ಚೂರನ್ನು ಎಳೆದು ಒಳಬಾಯಿಗೆ ತೇಪೆ ಹಾಕುವುದು, ಲೇಸರ್. ಇಷ್ಟೊಂದು ದಾರಿಗಳಿವೆ ಎಂದರೆ ಯಾವುದೂ ರಾಜಮಾರ್ಗವಲ್ಲ ಎಂದೇ ಅರ್ಥ.

ಲೇಸರ್ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ಒಂದೇ ಒಂದು ಸಲ ಮೊಬೈಲ್‌ನಲ್ಲಿ ಹುಡುಕಿದ್ದಕ್ಕೆ ಅದರ ಜಾಹೀರಾತು ಮೂರು ತಿಂಗಳು ನನ್ನ ಬೆನ್ನು ಬಿಡಲಿಲ್ಲ. “ನೋವಿಲ್ಲ, ಗಾಯವಿಲ್ಲ, ಅದೇ ದಿನ ಮನೆಗೆ.” ಒಂದು ಕಡೆಯಿಂದ ಕರೆ ಮಾಡಿದ ಹುಡುಗಿ ನನ್ನ ಎಂಆರ್‌ಐಯನ್ನು ಕೇಳಲೇ ಇಲ್ಲ, ವಿಮೆಯ ಕಾರ್ಡ್ ಇದೆಯೇ ಎಂದು ಮಾತ್ರ ಕೇಳಿದಳು. ಲೇಸರ್ ಸುಳ್ಳಲ್ಲ. ತುದಿಯಲ್ಲಿ ಸುತ್ತಲೂ ಬೆಳಕು ಚೆಲ್ಲುವ ತೆಳು ತಂತಿಯನ್ನು ಸುರಂಗದೊಳಗೆ ತೂರಿಸಿ, ಹಿಂದಕ್ಕೆಳೆಯುತ್ತ ಒಳಗೋಡೆಯನ್ನು ಸುಟ್ಟು ಮುದುಡಿಸುತ್ತಾರೆ. ಸ್ನಾಯು ಕತ್ತರಿಸುವುದಿಲ್ಲ, ಆದ್ದರಿಂದ ಹತೋಟಿಗೆ ಅಪಾಯ ಕಡಿಮೆ. ಆದರೆ ಮೂವರಲ್ಲಿ ಸುಮಾರು ಇಬ್ಬರಿಗೆ ವಾಸಿಯಾಗುತ್ತದೆ, ಒಬ್ಬರಿಗೆ ಇಲ್ಲ. ಆ ಮೂರನೆಯವನು ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಬ್ರಿಟನ್ನಿನಲ್ಲಿ 304 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬಿರಡೆ, ಇನ್ನೊಂದಕ್ಕೆ ಸರ್ಜನ್ ತನಗೆ ಸರಿ ಕಂಡ ಯಾವುದಾದರೂ ವಿಧಾನ. ಒಂದು ವರ್ಷದ ನಂತರ ವಾಸಿಯಾದವರು ಬಿರಡೆಯ ಗುಂಪಿನಲ್ಲಿ ನೂರಕ್ಕೆ 54, ಇನ್ನೊಂದರಲ್ಲಿ 55. ಕಷ್ಟದ ಫಿಸ್ಟುಲಾಗಳಲ್ಲಿ, ಬಲ್ಲವರ ಕೈಯಲ್ಲೂ, ಅರ್ಧಕ್ಕಿಂತ ತುಸು ಮೇಲೆ. ನಮ್ಮ ಡಾಕ್ಟರು ಈ ಅಂಕಿಯನ್ನು ಹೇಳಿದಾಗ ನನಗೆ ನಿರಾಶೆಯಾಗಲಿಲ್ಲ, ವಿಚಿತ್ರವಾದ ಸಮಾಧಾನವಾಯಿತು. ಮೊದಲ ಬಾರಿಗೆ ಯಾರೋ ನನ್ನೊಡನೆ ವ್ಯಾಪಾರ ಮಾಡದೆ ಮಾತಾಡುತ್ತಿದ್ದರು.

ಇಷ್ಟರಲ್ಲಿ ಸುದ್ದಿ ಸಾಗರಕ್ಕೆ ಮುಟ್ಟಿತು. ಚಿಕ್ಕಪ್ಪನ ಫೋನ್ ಬಂತು.

“ನೀನು ಆಪರೇಷನ್ ಗೀಪರೇಷನ್ ಎಂದು ಹೋಗಬೇಡ ಮಾರಾಯ. ನನಗೂ ಇದೇ ಇತ್ತು. ದಾರ ಕಟ್ಟಿಸಿಕೊಂಡೆ, 11 ವಾರ, ಹೋಯಿತು.”

ಅದುವರೆಗೆ ಅವರಿಗೆ ಈ ಕಾಯಿಲೆ ಇತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಪ್ರತಿ ಗುರುವಾರ ಅಡಿಕೆ ವ್ಯಾಪಾರದ ನೆಪ ಹೇಳಿ ಹುಲಿಕಲ್ ಘಾಟಿ ಇಳಿದು ಕರಾವಳಿಯ ಒಂದು ಆಯುರ್ವೇದ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬರುತ್ತಿದ್ದರಂತೆ. ನಿಂತೇ ಇರುವವರ ವಂಶ ನಮ್ಮದು.

ದಾರ ಎಂದರೆ ಕ್ಷಾರಸೂತ್ರ. ಇದರ ತಯಾರಿಕೆಯನ್ನು ತಿಳಿದುಕೊಂಡಾಗ ನಾನು ಬೆರಗಾದೆ. ಲಿನನ್ ದಾರವನ್ನು ಚೌಕಟ್ಟಿಗೆ ಬಿಗಿದು ಎಲೆಗಳ್ಳಿಯ ಹಾಲನ್ನು ಸವರಿ ಒಣಗಿಸುತ್ತಾರೆ. ಹೀಗೆ 11 ಸಲ. ಆಮೇಲೆ ಕಳ್ಳಿಯ ಹಾಲು ಮತ್ತು ಉತ್ತರಾಣಿಯ ಕ್ಷಾರ, 7 ಸಲ. ಕೊನೆಗೆ ಕಳ್ಳಿಯ ಹಾಲು ಮತ್ತು ಅರಿಸಿನದ ಪುಡಿ, 3 ಸಲ. ಒಟ್ಟು 21 ಲೇಪ, ಪ್ರತಿಯೊಂದೂ ಒಣಗಿದ ಮೇಲೆಯೇ ಮುಂದಿನದು. ಋಷಿ ಪಂಚಮಿಯ ದಿನ ಅಮ್ಮ ಹಲ್ಲುಜ್ಜಲು ಹಿತ್ತಲಿನಿಂದ ಕಿತ್ತು ತರುತ್ತಿದ್ದ ಉತ್ತರಾಣಿ ಕಡ್ಡಿ, ಅದನ್ನೇ ಸುಟ್ಟ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ ತೆಗೆದ ಕ್ಷಾರ. ಈ ದಾರವನ್ನು ಸುರಂಗದೊಳಗೆ ತೂರಿಸಿ ಎರಡೂ ತುದಿಗಳನ್ನು ಹೊರಗೆ ಗಂಟು ಹಾಕುತ್ತಾರೆ. ವಾರಕ್ಕೊಮ್ಮೆ ಹಳೆಯ ದಾರಕ್ಕೆ ಹೊಸದನ್ನು ಕಟ್ಟಿ ಎಳೆಯುತ್ತಾರೆ. ವಾರಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಅದು ಕೊಯ್ದುಕೊಂಡು ಬರುತ್ತದೆ, ಕೊಯ್ದ ಜಾಗ ಹಿಂದಿನಿಂದಲೇ ಮಾಯುತ್ತ ಬರುತ್ತದೆ. ದಾರ ಬದಲಿಸುವ ಆ ಎರಡು ನಿಮಿಷ ಇಡೀ ಘಾಟಿಯೇ ಮೈಮೇಲೆ ಬಿದ್ದಂತಾಗುತ್ತಿತ್ತು ಎಂದರು ಚಿಕ್ಕಪ್ಪ.

ಸುಶ್ರುತ ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿದ್ದಾನೆ. ಐದು ಬಗೆ ಹೇಳುತ್ತಾನೆ: ಜರಡಿಯಂತೆ ನೂರು ಬಾಯಿಯ ಶತಪೋನಕ, ಒಂಟೆಯ ಕೊರಳಿನ ಉಷ್ಟ್ರಗ್ರೀವ, ಸದಾ ಸೋರುವ ಪರಿಸ್ರಾವಿ, ಶಂಖದ ಸುರುಳಿಯಂಥ ಶಂಬೂಕಾವರ್ತ, ಮತ್ತು ಉನ್ಮಾರ್ಗಿ, ದಾರಿ ತಪ್ಪಿದ್ದು. ಪಾರ್ಕ್ಸ್‌ನ ವಿಂಗಡಣೆ ಶಸ್ತ್ರಕ್ಕೆ ಹೆಚ್ಚು ಉಪಯೋಗ. ಆದರೆ ಹೆಸರಿಡುವುದರಲ್ಲಿ ಸುಶ್ರುತನೇ ಮೇಲು. ಮರೆತುಹೋದಂತಿದ್ದ ಈ ದಾರವನ್ನು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಮತ್ತು ಅವರ ಜೊತೆಗಾರರು ಮತ್ತೆ ಬಳಕೆಗೆ ತಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಆಸ್ಪತ್ರೆಗಳಲ್ಲಿ ಇದನ್ನು ಶಸ್ತ್ರಕ್ರಿಯೆಯೊಡನೆ ಹೋಲಿಸಿ 1991ರಲ್ಲಿ ಪ್ರಕಟಿಸಿತು. ಮರುಕಳಿಸಿದ್ದು ದಾರದವರಲ್ಲಿ ನೂರಕ್ಕೆ 4, ಕತ್ತಿಯವರಲ್ಲಿ 11. ಮಾಯಲು ಹಿಡಿದ ಕಾಲ ದಾರಕ್ಕೆ 8 ವಾರ, ಕತ್ತಿಗೆ 4. ಅಂದರೆ ಇದು ಹಿತ್ತಲ ಗಿಡದ ಮದ್ದು ಎಂದು ತಳ್ಳಿಹಾಕುವಂಥದ್ದಲ್ಲ.

ಈ ಅಂಕಿಗಳನ್ನು ಹಿಡಿದುಕೊಂಡು ನಮ್ಮ ಸರ್ಜನ್ ಬಳಿಗೆ ಹೋದೆ, ಜಗಳವಾಡಲು ಸಿದ್ಧನಾಗಿ. ಅವರು ಜಗಳಕ್ಕೆ ಬರಲೇ ಇಲ್ಲ.

“ಒಳ್ಳೆಯ ದಾರ. ಆದರೆ ‘ಆಪರೇಷನ್ ಇಲ್ಲದೆ’ ಎನ್ನುವುದು ಮಾತ್ರ ತಪ್ಪು ಲೆಕ್ಕ ಮೇಷ್ಟ್ರೇ. ನಾನು ಕತ್ತಿಯಲ್ಲಿ ಅರ್ಧ ನಿಮಿಷದಲ್ಲಿ ಕೊಯ್ಯುವುದನ್ನು ಅದು ಎರಡು ತಿಂಗಳಲ್ಲಿ ಕೊಯ್ಯುತ್ತದೆ. ನಿಧಾನವಾಗಿ ಕೊಯ್ದರೆ ಸ್ನಾಯುವಿನ ತುದಿಗಳು ದೂರ ಸರಿಯುವುದಿಲ್ಲ, ನಡುವೆ ಗಾಯದ ಕಲೆ ಕಟ್ಟಿ ಹಿಡಿದಿಡುತ್ತದೆ. ಅದು ನಿಜವಾದ ಲಾಭ. ಆದರೂ ಕೊಯ್ದದ್ದು ಕೊಯ್ದದ್ದೇ. ನಿಮ್ಮ ಚಿಕ್ಕಪ್ಪನದು ಎಷ್ಟು ಎತ್ತರದಲ್ಲಿತ್ತು?”

ಅದು ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ.

ಕೊನೆಗೆ ನಾನು ಒಪ್ಪಿಕೊಂಡದ್ದು ಎರಡು ಹಂತದ ದಾರಿ. ಮೊದಲು ಜೂನ್ ಕೊನೆಯಲ್ಲಿ ಸೊಂಟಕ್ಕೆ ಚುಚ್ಚಿ ಮರಗಟ್ಟಿಸಿ ಸಡಿಲವಾದ ಸೆಟಾನ್ ಹಾಕಿದರು. ಅದೂ ದಾರವೇ, ಆದರೆ ಕೊಯ್ಯುವ ದಾರವಲ್ಲ. ಸುರಂಗದ ಬಾಯಿ ಮುಚ್ಚದಂತೆ, ಕೀವು ಕಟ್ಟದಂತೆ, ಚರಂಡಿಗೆ ಇಟ್ಟ ಕಡ್ಡಿಯಂತೆ. ಜೊತೆಗೆ ಸುರಂಗದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ನಮ್ಮ ದೇಶದಲ್ಲಿ ಕ್ಷಯವೂ ಇಂಥ ಸುರಂಗ ಕೊರೆಯುತ್ತದೆ, ಕ್ರೋನ್ಸ್ ಎಂಬ ಕರುಳಿನ ರೋಗವೂ ಕೊರೆಯುತ್ತದೆ. ಆಗ ಮೊದಲು ಬೇಕಾದದ್ದು ಔಷಧ, ಕತ್ತಿಯಲ್ಲ. ವರದಿ ಬರುವವರೆಗಿನ ಒಂದು ವಾರ ನಾನು ಮನೆಯಲ್ಲಿ ಕೆಮ್ಮಲೂ ಹೆದರಿದೆ. ಎರಡೂ ಇರಲಿಲ್ಲ.

ಸೆಟಾನ್ ಇಟ್ಟುಕೊಂಡು ಪಾಠ ಮಾಡಿದೆ. ಮೊದಲ ವಾರ ಹೆಜ್ಜೆ ಹೆಜ್ಜೆಗೂ ಅದು ತನ್ನ ಇರವನ್ನು ತಿಳಿಸುತ್ತಿತ್ತು. ನಂತರ ಉಡುದಾರದ ಹಾಗೆ ಅದೂ ಮೈಗೆ ಹೊಂದಿಕೊಂಡಿತು. ಎಲ್ಲರಿಗಿಂತ ಮೊದಲು ಎದ್ದು, ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ತುಂಬಿ, ಹತ್ತು ನಿಮಿಷ ಕೂರುವುದು. ನೀರು ಮೊಣಕೈ ಅದ್ದಿದರೆ ಹಿತವಾಗಿರಬೇಕು, ಅದಕ್ಕಿಂತ ಬಿಸಿ ಬೇಡ. ಆಮೇಲೆ ಹತ್ತಿಯಿಂದ ಒತ್ತಿ ಒರೆಸಿ, ಮಡಿಸಿದ ಗಾಜ್ ಬಟ್ಟೆ ಇಟ್ಟುಕೊಂಡು ಶಾಲೆಗೆ. ರಾತ್ರಿ ಒಂದು ಲೋಟ ನೀರಿನಲ್ಲಿ ಇಸಬಗೋಲು. ಗಾಜ್ ಮಡಿಸುವುದನ್ನು ಹೆಂಡತಿ ವೀಳ್ಯದೆಲೆ ಮಡಿಸಿದಷ್ಟು ಚೆನ್ನಾಗಿ ಕಲಿತಳು. ಹೆಂಗಸರು ಪ್ರತಿ ತಿಂಗಳು ಇದನ್ನು ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತೇವೆ, ನಿಮಗೆ ಈಗ ಗೊತ್ತಾಗುತ್ತಿದೆ ಎಂದು ಒಮ್ಮೆ ಅಂದಳು. ಉತ್ತರವಿರಲಿಲ್ಲ.

ದಸರಾ ರಜೆಯಲ್ಲಿ ಎರಡನೆಯ ಹಂತ, ಲಿಫ್ಟ್ ಎಂಬ ಶಸ್ತ್ರಕ್ರಿಯೆ. ಬ್ಯಾಂಕಾಕಿನ ಅರುಣ್ ರೋಜನಸಕುಲ್ 2007ರಲ್ಲಿ ಇದನ್ನು ಪ್ರಕಟಿಸಿದರು. ಉಪಾಯ ಸೊಗಸಾಗಿದೆ. ಎರಡು ಬಳೆಗಳ ನಡುವಿನ ಸಂದಿಯ ಮೇಲೆ ಚರ್ಮವನ್ನು ಸ್ವಲ್ಪ ಕೊಯ್ದು ಒಳಗೆ ಇಳಿಯುತ್ತಾರೆ. ಅಲ್ಲಿ ಸೇತುವೆಯ ಹಾಗೆ ದಾಟುತ್ತಿರುವ ಸುರಂಗ ಸಿಗುತ್ತದೆ. ಅದಕ್ಕೆ ಎರಡೂ ಕಡೆ ದಾರ ಕಟ್ಟಿ ನಡುವೆ ಕತ್ತರಿಸುತ್ತಾರೆ. ಸ್ನಾಯುವಿನ ಒಂದೆಳೆಯನ್ನೂ ಕಡಿಯುವುದಿಲ್ಲ. ಅವರ ಮೊದಲ 18 ರೋಗಿಗಳಲ್ಲಿ 17 ಮಂದಿಗೆ ವಾಸಿಯಾಗಿತ್ತು. ಆಮೇಲೆ ಜಗತ್ತಿನ ಬೇರೆ ಬೇರೆ ಕಡೆ ಮಾಡಿದವರಿಗೆ ಆ ಯಶಸ್ಸು ಸಿಗಲಿಲ್ಲ. ನೂರಕ್ಕೆ 60ರಿಂದ 75 ಎಂದು ನಮ್ಮ ಡಾಕ್ಟರು ಹೇಳಿದ್ದರು. ನಾನು ಮನಸ್ಸಿನಲ್ಲಿ 75ನ್ನು ಮಾತ್ರ ಇಟ್ಟುಕೊಂಡೆ.

ಹೊರಬಾಯಿ ಮುಚ್ಚಿತು. ದೀಪಾವಳಿಗೆ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದೆ. ಡಿಸೆಂಬರಿನಲ್ಲಿ, ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತ ಓಡಾಡುತ್ತಿದ್ದಾಗ, ಆ ಪರಿಚಿತ ತೇವ.

ಆ ದಿನ ಮನೆಗೆ ಬಂದು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತೆ. ನಲವತ್ತಾರು ವರ್ಷದ ಗಂಡಸು, ಕಾಲುಭಾಗ ರೂಪಾಯಿಯಗಲದ ಕಲೆಗೆ. ಅದುವರೆಗಿನ ಆರು ತಿಂಗಳೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು. ಡಾಕ್ಟರು ಮತ್ತೆ ಎಂಆರ್‌ಐ ಮಾಡಿಸಿ, ನೋಡಿ, ನಕ್ಕರು. ನನಗೆ ಅವರನ್ನು ಹೊಡೆಯಬೇಕೆನಿಸಿತು.

“ಸೋರುತ್ತಿರುವುದು ಹಳೆಯ ಬಾಯಿಯಿಂದಲ್ಲ, ನಾನು ಕೊಯ್ದ ಸಂದಿಯಿಂದ. ಹೊರಬಳೆಯನ್ನು ತೂರಿದ್ದ ದಾರಿ ಮುಚ್ಚಿಹೋಗಿದೆ. ಉಳಿದದ್ದು ಸಂದಿಯಲ್ಲೇ ಇಳಿದು ಬರುವ ಚಿಕ್ಕ ದಾರಿ. ಎರಡನೆಯ ಜಾತಿಯದು ಮೊದಲನೆಯ ಜಾತಿಯಾಗಿದೆ. ಈಗ ಅದನ್ನು ಸೀಳಬಹುದು, ಸ್ನಾಯುವಿನ ಖರ್ಚು ಬಹಳ ಕಡಿಮೆ.”

ಲಿಫ್ಟ್ ಸೋತಾಗ ಹೀಗೆ ಸೋಲುವುದು ಸಾಮಾನ್ಯವಂತೆ. ಎಸ್ಎಸ್ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹದಿನಾಲ್ಕನೆಯ ಲೂಯಿಗೆ ಮಾಡಿದ್ದನ್ನೇ, ಅರಿವಳಿಕೆ ಕೊಟ್ಟು, ನನಗೂ ಮಾಡಿದರು. ಹೊಲಿಗೆ ಹಾಕಲಿಲ್ಲ. ಬಾಯಿ ತೆರೆದ ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು, ಮೇಲೆ ಮೊದಲು ಮುಚ್ಚಿದರೆ ಮತ್ತೆ ಸುರಂಗ. ಏಳು ವಾರ ಹಿಡಿಯಿತು. ಮೂರನೆಯ ದಿನ ಶೌಚಕ್ಕೆ ಕೂತದ್ದನ್ನು ಬರೆಯುವುದಿಲ್ಲ. ಆಗಸ್ಟಿನ ಕೊನೆಯ ಭೇಟಿಯಲ್ಲಿ ಡಾಕ್ಟರು ಅದೇ ಹಾಳೆ ತೆಗೆದು ಅವೇ ಪ್ರಶ್ನೆಗಳನ್ನು ಕೇಳಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಗಾಳಿಯ ಸಾಲಿನಲ್ಲಿ ಒಂದು ಅಂಕ ಬಂತು. ಅಪರೂಪಕ್ಕೊಮ್ಮೆ, ಹೊಟ್ಟೆ ಉಬ್ಬರಿಸಿದಾಗ. 20ರಲ್ಲಿ ಒಂದು. ಇಷ್ಟು ಬೆಲೆಗೆ ನಾನು ಒಪ್ಪಿದ್ದೆ, ತಿಳಿದೇ ಒಪ್ಪಿದ್ದೆ.

ಸಾಗರಕ್ಕೆ ಹೋದಾಗ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ, ಲಕೋಟೆಯ ಬೆನ್ನಿನ ವಡೆಯನ್ನೂ ತೋರಿಸಿದೆ. ಅವರು ಹೆಚ್ಚು ಮಾತಾಡಲಿಲ್ಲ. ಮೂರು ದಾರಿ ಸುತ್ತಿ 14 ತಿಂಗಳು ಕಳೆದೆಯಲ್ಲ, ನಾನು 11 ವಾರಕ್ಕೆ ಮುಗಿಸಿದೆ ಎಂದು ಹೇಳಿಯೇ ಹೇಳುತ್ತಾರೆ ಎಂದು ಕಾದಿದ್ದೆ. ಹೇಳಲಿಲ್ಲ. ಕವಳದ ಹರಿವಾಣವನ್ನು ನನ್ನತ್ತ ತಳ್ಳಿ ಎದ್ದು ಹೋದರು.

ಕಳೆದ ತಿಂಗಳು ರಾತ್ರಿ ಹತ್ತಕ್ಕೆ ಫೋನ್ ಬಂತು.

“ಆ ಡಾಕ್ಟರು ನಿನಗೆ ಕೆಲವು ಪ್ರಶ್ನೆ ಕೇಳಿದರು ಎಂದೆಯಲ್ಲ. ಮೊದಲನೆಯದು ಏನೆಂದೆ?”

“ಗಾಳಿ ತಡೆಯಬಲ್ಲಿರಾ ಎಂದು.”

ಬಹಳ ಹೊತ್ತು ಆ ಕಡೆಯಿಂದ ಜೀರುಂಡೆಯ ಸದ್ದು ಮಾತ್ರ.

“ನನ್ನನ್ನು ಯಾರೂ ಕೇಳಲಿಲ್ಲ” ಎಂದರು.

ನಮ್ಮ ಕಡೆ ತಾಳಮದ್ದಲೆಯಲ್ಲಿ ಚಿಕ್ಕಪ್ಪನ ಕೃಷ್ಣ ಎಂದರೆ ಜನ ದೂರದೂರದಿಂದ ಬರುತ್ತಿದ್ದರು. ಮೂರು ತಾಸು ಚಕ್ಕಳಮಕ್ಕಳ ಹಾಕಿ ಕೂತು ಕೌರವನ ಬಾಯಿ ಮುಚ್ಚಿಸುತ್ತಿದ್ದರು. ಎಂಟು ವರ್ಷದ ಹಿಂದೆ ಅರ್ಥಗಾರಿಕೆ ಬಿಟ್ಟರು. ಗಂಟಲು ಹೋಯಿತು ಎಂದರು. ನಾವೆಲ್ಲ ನಂಬಿದೆವು. ಅವರ ಗಂಟಲಿಗೆ ಏನೂ ಆಗಿಲ್ಲವೆಂದು ಮನೆಯಲ್ಲಿ ಬೈಯುವಾಗ ಗೊತ್ತಾಗುತ್ತಲೇ ಇತ್ತು, ಆದರೂ ನಂಬಿದೆವು.

ಅದು ದಾರದ ತಪ್ಪು ಎಂದು ನಾನು ಹೇಳಲಾರೆ. ಕತ್ತಿಯಿಂದಲೂ ಹಾಗೆಯೇ ಆಗಬಹುದಿತ್ತು, ಮೊದಲ ಕುರುವಿನಿಂದಲೇ ಆಗಿರಬಹುದಿತ್ತು. ಆ ಸ್ನಾಯುಗಳಿಗೂ ವ್ಯಾಯಾಮವಿದೆ, ಎಷ್ಟು ಬಲ ಉಳಿದಿದೆ ಎಂದು ಅಳೆಯುವ ಪರೀಕ್ಷೆ ಇದೆ, ಈ ವಯಸ್ಸಿನಲ್ಲೂ ಸುಧಾರಿಸಬಹುದು ಎಂದೆ. “ಇದಕ್ಕೂ ಇದೆಯೇ?” ಎಂದರು. ಎಂಟು ವರ್ಷ.

ಬರುವ ಸೋಮವಾರ ಅವರನ್ನು ನಮ್ಮ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಿದ್ದೇನೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಏನು ತೊಂದರೆ ಎಂದು ಎಲ್ಲರ ಎದುರು ಕೇಳುತ್ತಾರೆ. ಅಲ್ಲಿ ಬೆನ್ನುನೋವು ಎಂದು ಬರೆಸಿದರೆ ನಡೆಯುತ್ತದೆಯೇ ಎಂದು ಈಗಾಗಲೇ ಎರಡು ಸಲ ವಿಚಾರಿಸಿದ್ದಾರೆ.